ಸ್ಟೇಜ್ ಬ್ಯೂಟಿ: ಲಂಡನ್ ರಂಗಭೂಮಿಯ ಕೊನೆಯ ಗಂಡು 'ನಾಯಕಿ'ಯ ಕಥೆ

ಹೆಣ್ಣಿನ ವೇಷ ತೊಟ್ಟು ಇಡೀ ಲಂಡನ್ನನ್ನೇ ಮರುಳು ಮಾಡಿದ ನಟನೊಬ್ಬನಿದ್ದಾನೆ. ಊರಿನಲ್ಲಿ ಅವನಿಗಿಂತ ಚೆಲುವಾದ ಹೆಂಗಸಿಲ್ಲ ಎಂದು ಜನ ಮಾತಾಡಿಕೊಳ್ಳುತ್ತಾರೆ. ಒಂದು ದಿನ ದೊರೆಯ ಅಪ್ಪಣೆ ಹೊರಡುತ್ತದೆ: ಇನ್ನು ಮೇಲೆ ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಬೇಕು, ಗಂಡಸರು ಮಾಡುವಂತಿಲ್ಲ. ಬಾಲ್ಯದಿಂದ ಅದೊಂದೇ ವಿದ್ಯೆ ಕಲಿತವನಿಗೆ ಅಲ್ಲಿಗೆ ಕಸುಬು ಹೋಯಿತು, ಹೆಸರು ಹೋಯಿತು, ತಾನು ಯಾರೆಂಬ ತಿಳಿವೂ ಹೋಯಿತು. ಅವನ ಜಾಗಕ್ಕೆ ಬಂದವಳು ಬೇರೆ ಯಾರೂ ಅಲ್ಲ, ದಿನವೂ ಅವನಿಗೆ ಉಡುಪು ತೊಡಿಸುತ್ತಿದ್ದ ಸಹಾಯಕಿ.

2004ರಲ್ಲಿ ತೆರೆಕಂಡ 'ಸ್ಟೇಜ್ ಬ್ಯೂಟಿ' ಚಿತ್ರದ ಎಳೆ ಇದು. ನಗಿಸುತ್ತಲೇ ಶುರುವಾಗಿ ನಡುವೆ ಕಹಿಯಾಗುವ, ಕೊನೆಗೆ ಪ್ರೇಮಕಥೆಯಾಗುವ ಬ್ರಿಟಿಷ್ ಸಿನಿಮಾ. ವೇಷ ಬದಲಿಸುವ ಪಾತ್ರಗಳೆಂದರೆ ಬರೀ ಹಾಸ್ಯಕ್ಕೆ ಎಂದುಕೊಂಡು ನೋಡಲು ಕುಳಿತವರಿಗೆ ಇದು ಸ್ವಲ್ಪ ಬೇರೆ ರುಚಿ ಕೊಡುತ್ತದೆ. ಯಾಕೆಂದರೆ ಇಲ್ಲಿ ವೇಷ ಎನ್ನುವುದು ತಮಾಷೆಯಲ್ಲ, ಹೊಟ್ಟೆಪಾಡು. (ಮುಂದೆ ಕಥೆಯ ಕೊನೆಯೂ ಬರುತ್ತದೆ. ಸಿನಿಮಾ ನೋಡಿಯೇ ತಿಳಿಯಬೇಕು ಎನ್ನುವವರು ಇಲ್ಲಿಗೆ ನಿಲ್ಲಿಸಬಹುದು.)

ತೆರೆಯ ಹಿಂದೆ, ತೆರೆಯ ಮೇಲೆ

ನಿರ್ದೇಶಕ ರಿಚರ್ಡ್ ಐರ್ ಮೂಲತಃ ನಾಟಕದ ಮನುಷ್ಯ. 1987ರಿಂದ 1997ರವರೆಗೆ ಲಂಡನ್ನಿನ ನ್ಯಾಷನಲ್ ಥಿಯೇಟರ್ ಮುಖ್ಯಸ್ಥರಾಗಿದ್ದವರು. 'ಐರಿಸ್', 'ನೋಟ್ಸ್ ಆನ್ ಎ ಸ್ಕ್ಯಾಂಡಲ್' ಕೂಡ ಇವರದೇ ಚಿತ್ರಗಳು. ಚಿತ್ರಕಥೆ ಬರೆದವರು ಅಮೆರಿಕದ ನಾಟಕಕಾರ ಜೆಫ್ರಿ ಹ್ಯಾಚರ್. ತಾವೇ ಬರೆದಿದ್ದ 'ಕಂಪ್ಲೀಟ್ ಫೀಮೇಲ್ ಸ್ಟೇಜ್ ಬ್ಯೂಟಿ' ಎಂಬ ನಾಟಕವನ್ನು ಅವರು ಸಿನಿಮಾಕ್ಕೆ ತಂದರು. ನಿರ್ಮಾಪಕರ ಪಟ್ಟಿಯಲ್ಲಿ ನಟ ರಾಬರ್ಟ್ ಡಿ ನಿರೋ ಹೆಸರಿದೆ. ಸಂಗೀತ ಜಾರ್ಜ್ ಫೆಂಟನ್ ಅವರದು.

ನಾಯಕ ನೆಡ್ ಕಿನಾಸ್ಟನ್ ಪಾತ್ರದಲ್ಲಿ ಬಿಲ್ಲಿ ಕ್ರುಡಪ್, ಸಹಾಯಕಿ ಮರಿಯಾ ಪಾತ್ರದಲ್ಲಿ ಕ್ಲೇರ್ ಡೇನ್ಸ್. ತಮಾಷೆಯೆಂದರೆ ಇಂಗ್ಲೆಂಡಿನ ರಂಗಭೂಮಿಯ ಈ ಕಥೆಯಲ್ಲಿ ಮುಖ್ಯ ಜೋಡಿಯಾದ ಇಬ್ಬರೂ ಅಮೆರಿಕದವರು. ಉಳಿದಂತೆ ಸುತ್ತ ಇರುವುದೆಲ್ಲ ಬ್ರಿಟಿಷ್ ಘಟಾನುಘಟಿಗಳೇ: ಎರಡನೇ ಚಾರ್ಲ್ಸ್ ದೊರೆಯಾಗಿ ರೂಪರ್ಟ್ ಎವರೆಟ್, ನಾಟಕ ತಂಡದ ಯಜಮಾನ ಬೆಟರ್ಟನ್ ಆಗಿ ಟಾಮ್ ವಿಲ್ಕಿನ್ಸನ್, ಸರ್ ಚಾರ್ಲ್ಸ್ ಸೆಡ್ಲಿಯಾಗಿ ರಿಚರ್ಡ್ ಗ್ರಿಫಿತ್ಸ್, ದಿನಚರಿ ಬರೆಯುವ ಸ್ಯಾಮ್ಯುಯೆಲ್ ಪೀಪ್ಸ್ ಆಗಿ ಹ್ಯೂ ಬೊನೆವಿಲ್, ಬಕಿಂಗ್‌ಹ್ಯಾಮ್ ಡ್ಯೂಕ್ ಆಗಿ ಬೆನ್ ಚಾಪ್ಲಿನ್. ದೊರೆಯ ಪ್ರೇಯಸಿ ನೆಲ್ ಗ್ವಿನ್ ಪಾತ್ರ ಮಾಡಿದ ಜೋಯಿ ಟ್ಯಾಪರ್ ಇವರೆಲ್ಲರ ನಡುವೆಯೂ ಕಣ್ಣಿಗೆ ಬೀಳುತ್ತಾರೆ.

ಕಥೆ ಹೀಗೆ ಸಾಗುತ್ತದೆ

1660ರ ದಶಕದ ಲಂಡನ್. ಶೇಕ್ಸ್‌ಪಿಯರ್‌ನ 'ಒಥೆಲೋ' ನಾಟಕ ನಡೆಯುತ್ತಿದೆ. ಕಿನಾಸ್ಟನ್ ಡೆಸ್ಡಿಮೋನಾ ಆಗಿ ಸಾಯುವ ದೃಶ್ಯವನ್ನು ನೋಡಲೆಂದೇ ಜನ ಬಂದಿದ್ದಾರೆ. ಅವನ ಕೈಬೆರಳುಗಳ ಚಲನೆ, ಕತ್ತು ವಾಲಿಸುವ ಬಗೆ, ಮಂಚದ ಮೇಲೆ ಉರುಳುವ ಸೊಗಸು ಎಲ್ಲವೂ ಅಳತೆ ಮಾಡಿಟ್ಟಂತೆ. ಪರದೆಯ ಪಕ್ಕದಲ್ಲಿ ನಿಂತ ಮರಿಯಾ ಪ್ರತಿ ಮಾತನ್ನೂ ತುಟಿ ಆಡಿಸುತ್ತಾ ಗುನುಗುತ್ತಾಳೆ. ಅವಳಿಗೆ ನಟನೆಯ ಹುಚ್ಚು. ಆದರೆ ಹೆಣ್ಣಿಗೆ ರಂಗ ಹತ್ತುವ ಅವಕಾಶವೇ ಇಲ್ಲ.

ರಾತ್ರಿ ಕಿನಾಸ್ಟನ್‌ನ ಉಡುಪನ್ನೇ ಕದ್ದುಮುಚ್ಚಿ ಒಯ್ದು, ಹೆಂಡದಂಗಡಿಯೊಂದರ ಪುಟ್ಟ ವೇದಿಕೆಯಲ್ಲಿ ಅವಳೂ ಡೆಸ್ಡಿಮೋನಾ ಆಗುತ್ತಾಳೆ. ಅಲ್ಲಿ ಅವಳ ಹೆಸರು ಮಾರ್ಗರೆಟ್ ಹ್ಯೂಸ್. ಹೆಂಗಸು ನಾಟಕ ಆಡುತ್ತಾಳಂತೆ ಎಂಬ ಸುದ್ದಿ ಹಬ್ಬುತ್ತದೆ. ಚೆನ್ನಾಗಿ ಆಡುತ್ತಾಳೋ ಇಲ್ಲವೋ ಯಾರಿಗೂ ಬೇಕಿಲ್ಲ, ನೋಡುವ ಕುತೂಹಲವೇ ಸಾಕು. ಶ್ರೀಮಂತ ಸೆಡ್ಲಿ ಅವಳ ಬೆನ್ನಿಗೆ ನಿಲ್ಲುತ್ತಾನೆ. ಹಾಗೆ ನಿಲ್ಲುವುದಕ್ಕೆ ಅವನದೇ ಕಾರಣಗಳಿವೆ.

ಇತ್ತ ಕಿನಾಸ್ಟನ್‌ಗೆ ಗರ್ವ. ಹೆಣ್ಣು ಹೆಣ್ಣಿನ ಪಾತ್ರ ಮಾಡಿದರೆ ಅದರಲ್ಲಿ ಹೆಚ್ಚುಗಾರಿಕೆ ಏನು, ಗಂಡು ಹೆಣ್ಣಾಗುವುದರಲ್ಲಿ ಅಲ್ಲವೇ ಕಲೆ ಇರುವುದು ಎಂಬುದು ಅವನ ವಾದ. ವಾದ ತಳ್ಳಿಹಾಕುವಂಥದ್ದೇನಲ್ಲ. ಆದರೆ ಮಾತಿನ ಭರದಲ್ಲಿ ನೆಲ್ ಗ್ವಿನ್ ಕಿವಿಗೆ ಬೀಳುವಂತೆ ಕೊಂಕು ನುಡಿದುಬಿಡುತ್ತಾನೆ. ಕಿತ್ತಳೆ ಹಣ್ಣು ಮಾರುತ್ತಾ ಬೆಳೆದ ಹುಡುಗಿ ಈಗ ದೊರೆಯ ಪಕ್ಕದಲ್ಲಿ ಕೂರುವವಳು. ಅವಳ ಒತ್ತಾಯಕ್ಕೆ ಚಾರ್ಲ್ಸ್ ಕಾನೂನನ್ನೇ ತಿರುಗಿಸುತ್ತಾನೆ. ಹೆಣ್ಣಿಗೆ ಅವಕಾಶ ಕೊಟ್ಟರಷ್ಟೇ ಸಾಲದು, ಗಂಡಸರು ಸ್ತ್ರೀಪಾತ್ರ ಮಾಡುವುದನ್ನೇ ನಿಷೇಧಿಸಬೇಕು ಎಂದು ಅಪ್ಪಣೆಯಾಗುತ್ತದೆ.

ಆಮೇಲಿನದು ಇಳಿಜಾರು. ಗಂಡು ಪಾತ್ರ ಮಾಡಿ ತೋರಿಸು ಎಂದು ದೊರೆ ಕೊಟ್ಟ ಅವಕಾಶದಲ್ಲಿ ಕಿನಾಸ್ಟನ್ ಒಥೆಲೋ ಆಗಲು ಹೋಗುತ್ತಾನೆ. ಕೈ ಏಳುವುದೇ ಹೆಣ್ಣಿನಂತೆ, ದನಿ ಹೊರಡುವುದೇ ಹೆಣ್ಣಿನಂತೆ. ಎದುರಿಗೆ ಕೂತವರ ಮುಖ ನೋಡಿಯೇ ತಾನು ಸೋತೆ ಎಂದು ಅವನಿಗೆ ಗೊತ್ತಾಗುತ್ತದೆ. ಕ್ರುಡಪ್ ನಟನೆಯಲ್ಲಿ ಇದೇ ಅತ್ಯಂತ ಕಷ್ಟದ ಜಾಗ. ಚೆನ್ನಾಗಿ ನಟಿಸಬಲ್ಲವನು ಕೆಟ್ಟದಾಗಿ ನಟಿಸುವವನ ಪಾತ್ರವನ್ನು ಮಾಡಬೇಕು, ಅದೂ ನಗು ಬಾರದಂತೆ. ಸೆಡ್ಲಿಯ ಕಡೆಯ ಗೂಂಡಾಗಳು ಹಳೆಯ ಅವಮಾನ ತೀರಿಸಿಕೊಳ್ಳಲು ಅವನನ್ನು ಬಡಿದು ಹಾಕುತ್ತಾರೆ. ಗುಟ್ಟಾಗಿ ಅವನನ್ನು ಪ್ರೀತಿಸುತ್ತಿದ್ದ ಬಕಿಂಗ್‌ಹ್ಯಾಮ್ ಡ್ಯೂಕ್ ಮದುವೆಗೆ ಹೊರಟು ಕೈಬಿಡುತ್ತಾನೆ. ಡ್ಯೂಕ್‌ಗೆ ಬೇಕಾಗಿದ್ದದ್ದು ವೇದಿಕೆಯ ಮೇಲಿನ ಆ ಹೆಣ್ಣು. ವೇಷ ಕಳಚಿದ ಮನುಷ್ಯ ಯಾರೆಂದು ಅವನಿಗೆ ಗೊತ್ತಿಲ್ಲ, ತಿಳಿಯುವ ಆಸೆಯೂ ಇಲ್ಲ. ಲಂಡನ್ನಿನ ಮೆಚ್ಚಿನ ನಟ ಹೆಂಡದಂಗಡಿಯಲ್ಲಿ ಪೋಲಿ ಹಾಡು ಹೇಳಿ ಲಂಗ ಎತ್ತಿ ಕುಣಿಯುವ ಸ್ಥಿತಿಗೆ ಬರುತ್ತಾನೆ.

ಅಲ್ಲಿಂದ ಅವನನ್ನು ಎಬ್ಬಿಸಿ ಹಳ್ಳಿಯ ವಸತಿಗೃಹವೊಂದಕ್ಕೆ ಕರೆದೊಯ್ಯುವವಳು ಮರಿಯಾ. ಇಬ್ಬರ ನಡುವೆ ಪ್ರೀತಿ ಮೊಳೆಯುವುದು ಅಲ್ಲಿಯೇ. ಈ ಭಂಗಿಯಲ್ಲಿ ನೀನು ಗಂಡೋ ಹೆಣ್ಣೋ, ನಾನು ಗಂಡೋ ಹೆಣ್ಣೋ ಎಂದು ಹಾಸಿಗೆಯಲ್ಲಿ ಇಬ್ಬರೂ ಮಕ್ಕಳಂತೆ ಆಡುವ ದೃಶ್ಯ ಚಿತ್ರದ ಬಗ್ಗೆ ಮಾತಾಡುವವರೆಲ್ಲ ನೆನೆಯುವಂಥದ್ದು. ಆಟದ ನಡುವೆ ಕಿನಾಸ್ಟನ್ ನಿಜಕ್ಕೂ ಯೋಚನೆಗೆ ಬೀಳುತ್ತಾನೆ. ಉತ್ತರ ಅವನ ಬಳಿ ಇಲ್ಲ.

ಎರಡು ಸಾವು

ಇಡೀ ಚಿತ್ರವನ್ನು ಎತ್ತಿ ಹಿಡಿದಿರುವುದು ಒಂದೇ ದೃಶ್ಯದ ಎರಡು ರೂಪ. ಒಥೆಲೋ ಸಂಶಯದಿಂದ ಹೆಂಡತಿಯನ್ನು ಉಸಿರುಗಟ್ಟಿಸಿ ಕೊಲ್ಲುವ ಆ ಕೊನೆಯ ದೃಶ್ಯ. ಆರಂಭದಲ್ಲಿ ಕಿನಾಸ್ಟನ್ ಅದರಲ್ಲಿ ಸಾಯುವಾಗ ಅದು ಸುಂದರ. ಜನ ಚಪ್ಪಾಳೆ ತಟ್ಟುತ್ತಾರೆ, ಆದರೆ ಯಾರೂ ಹೆದರುವುದಿಲ್ಲ.

ನಟಿಯಾಗಿ ಹೆಸರು ಮಾಡಿದ ಮರಿಯಾಳಿಗೆ ಇದೇ ತೊಡಕು. ಅವಳು ಕಲಿತದ್ದು ಕಿನಾಸ್ಟನ್‌ನನ್ನು ನೋಡಿ. ಹಾಗಾಗಿ ಹೆಣ್ಣಾಗಿದ್ದೂ ಅವಳು ವೇದಿಕೆಯಲ್ಲಿ ಮಾಡುವುದು ಹೆಣ್ಣಿನ ಅನುಕರಣೆ ಮಾಡುವ ಗಂಡಸಿನ ಅನುಕರಣೆ! ದೊರೆಯ ಮುಂದೆ ಆಡುವ ದಿನ ಹತ್ತಿರ ಬಂದಾಗ ಕೈಕಾಲು ನಡುಗುತ್ತದೆ. ಕಲಿಸಲು ಕಿನಾಸ್ಟನ್ ಬರುತ್ತಾನೆ, ಆದರೆ ಒಥೆಲೋ ಪಾತ್ರ ತನಗೇ ಬೇಕು ಎಂಬ ಷರತ್ತಿನ ಮೇಲೆ.

ಅಭ್ಯಾಸದಲ್ಲಿ ಅವನು ಅವಳಿಂದ ಒಂದೊಂದೇ ಭಂಗಿಯನ್ನು ಕಿತ್ತು ಹಾಕುತ್ತಾನೆ. ಸಾಯಲಿರುವ ಹೆಣ್ಣು ಹೀಗೆ ಸುಮ್ಮನೆ ಕೈ ಚಾಚುತ್ತಾಳೆಯೇ? ಒದ್ದಾಡುವುದಿಲ್ಲವೇ? ಗಂಡಸರು ಬರೆದಿಟ್ಟ, ಗಂಡಸರೇ ಆಡಿದ ಡೆಸ್ಡಿಮೋನಾ ಶತಮಾನದ ಅರ್ಧಕ್ಕೂ ಹೆಚ್ಚು ಕಾಲ ಅಂದವಾಗಿ ಸತ್ತಿದ್ದಾಳೆ. ಮರಿಯಾಳ ಡೆಸ್ಡಿಮೋನಾ ಬದುಕಲು ಹೆಣಗುತ್ತಾಳೆ. ಪ್ರದರ್ಶನದ ದಿನ ಆ ದೃಶ್ಯ ಎಷ್ಟು ನಿಜವಾಗುತ್ತದೆಂದರೆ, ಹಳೆಯ ಸೇಡಿಗೆ ಕಿನಾಸ್ಟನ್ ಅವಳನ್ನು ನಿಜಕ್ಕೂ ಕೊಂದೇಬಿಟ್ಟನೇನೋ ಎಂದು ಸಭೆ ಬೆಚ್ಚುತ್ತದೆ. ಸಿನಿಮಾ ನೋಡುವವರಿಗೂ ಒಂದು ಕ್ಷಣ ಹಾಗೇ ಅನ್ನಿಸುತ್ತದೆ. ಸೇಡು, ಮೋಹ, ಕಸುಬಿನ ಹಠ ಮೂರೂ ಒಂದೇ ದಿಂಬಿನ ಮೇಲೆ ಒತ್ತಿಕೊಂಡಂಥ ದೃಶ್ಯ ಅದು. ಚಿತ್ರದ ಉಳಿದ ಭಾಗ ಮರೆತವರಿಗೂ ಇದು ನೆನಪಿರುತ್ತದೆ.

ನಾಟಕ ಮುಗಿದ ಮೇಲೆ, ಹಾಗಾದರೆ ಈಗ ನೀನು ಯಾರು ಎಂಬ ಪ್ರಶ್ನೆ ಬರುತ್ತದೆ. ಗೊತ್ತಿಲ್ಲ ಎನ್ನುತ್ತಾನೆ ಕಿನಾಸ್ಟನ್. ಈ ಬಾರಿ ಹಾಗೆ ಹೇಳುವಾಗ ಅವನ ಮುಖದಲ್ಲಿ ಸಂಕಟವಿಲ್ಲ.

ಇತಿಹಾಸದಲ್ಲಿ ನಡೆದದ್ದು

ಶೇಕ್ಸ್‌ಪಿಯರ್ ಕಾಲದಲ್ಲಿ ಇಂಗ್ಲೆಂಡಿನ ಸಾರ್ವಜನಿಕ ರಂಗಮಂದಿರಗಳಲ್ಲಿ ನಟಿಯರು ಇರಲಿಲ್ಲ. ಜೂಲಿಯೆಟ್, ಲೇಡಿ ಮ್ಯಾಕ್‌ಬೆತ್, ಕ್ಲಿಯೋಪಾತ್ರ ಎಲ್ಲರೂ ಹುಡುಗರೇ. ಕಾನೂನು ತಡೆದಿತ್ತು ಎನ್ನುವುದಕ್ಕಿಂತ ರೂಢಿ ತಡೆದಿತ್ತು ಎನ್ನುವುದು ಸರಿ. 1629ರಲ್ಲಿ ಫ್ರಾನ್ಸಿನ ತಂಡವೊಂದು ನಟಿಯರೊಂದಿಗೆ ಲಂಡನ್ನಿಗೆ ಬಂದಾಗ ಪ್ರೇಕ್ಷಕರು ಕೂಗಾಡಿ ಅವರನ್ನು ವೇದಿಕೆಯಿಂದ ಇಳಿಸಿದ್ದರು. ಹಾಗೆಂದು ಹುಡುಗರ ನಟನೆ ಕಳಪೆಯಾಗಿತ್ತು ಎಂದಲ್ಲ. 1610ರಲ್ಲಿ ಆಕ್ಸ್‌ಫರ್ಡ್‌ನಲ್ಲಿ 'ಒಥೆಲೋ' ನೋಡಿದ ಹೆನ್ರಿ ಜಾಕ್ಸನ್ ಎಂಬ ವಿದ್ವಾಂಸ, ಮಂಚದ ಮೇಲೆ ಸತ್ತು ಬಿದ್ದ ಡೆಸ್ಡಿಮೋನಾಳ ಮುಖವೇ ನೋಡುಗರ ಕನಿಕರ ಬೇಡುವಂತಿತ್ತು ಎಂಬರ್ಥದಲ್ಲಿ ಪತ್ರ ಬರೆದಿದ್ದಾನೆ. ಪತ್ರದುದ್ದಕ್ಕೂ ಅವನಿಗೆ ಅದು ಹುಡುಗ ಎಂಬ ನೆನಪೇ ಇದ್ದಂತಿಲ್ಲ, 'ಅವಳು' ಎಂದೇ ಬರೆದಿದ್ದಾನೆ.

1642ರಲ್ಲಿ ಅಂತರ್ಯುದ್ಧದ ವೇಳೆ ಸಂಸತ್ತು ನಾಟಕಶಾಲೆಗಳಿಗೆ ಬೀಗ ಹಾಕಿತು. ಮುಂದಿನ 18 ವರ್ಷ ಇಂಗ್ಲೆಂಡಿನಲ್ಲಿ ಬಹಿರಂಗವಾಗಿ ವೃತ್ತಿನಾಟಕವಿಲ್ಲ. ಈ ಬೀಗದ ಪರಿಣಾಮ ಸರಳ, ಆದರೆ ದೊಡ್ಡದು: ಸ್ತ್ರೀಪಾತ್ರಕ್ಕೆ ಹುಡುಗರನ್ನು ತಯಾರು ಮಾಡುವ ಗುರು-ಶಿಷ್ಯ ಪದ್ಧತಿಯೇ ಮುರಿದುಬಿತ್ತು. ಹಳೆಯ ಹುಡುಗರು ಗಡ್ಡ ಬಂದು ಮುದುಕರಾದರು, ಹೊಸಬರು ತಯಾರಾಗಲಿಲ್ಲ. 1660ರಲ್ಲಿ ಎರಡನೇ ಚಾರ್ಲ್ಸ್ ಸಿಂಹಾಸನಕ್ಕೆ ಮರಳಿ ನಾಟಕಗಳಿಗೆ ಮತ್ತೆ ಅನುಮತಿ ಕೊಟ್ಟಾಗ ಯುವತಿಯಂತೆ ಕಾಣಬಲ್ಲ ನಟರು ಬೆರಳೆಣಿಕೆಯಷ್ಟು. ದೇಶಭ್ರಷ್ಟನಾಗಿ ಫ್ರಾನ್ಸ್ ಮುಂತಾದ ಕಡೆ ವರ್ಷಗಟ್ಟಲೆ ಕಳೆದು ಬಂದಿದ್ದ ದೊರೆಗೆ ವೇದಿಕೆಯ ಮೇಲೆ ಹೆಂಗಸರನ್ನು ನೋಡುವುದು ಹೊಸದೇನೂ ಆಗಿರಲಿಲ್ಲ.

ಚಾರ್ಲ್ಸ್ ಇಬ್ಬರಿಗೆ ಮಾತ್ರ ನಾಟಕ ತಂಡ ನಡೆಸುವ ಪರವಾನಗಿ ಕೊಟ್ಟ: ಥಾಮಸ್ ಕಿಲ್ಲಿಗ್ರೂ ಮತ್ತು ವಿಲಿಯಂ ಡಾವೆನಂಟ್. 1660ರ ಡಿಸೆಂಬರ್ 8ರಂದು ಕಿಲ್ಲಿಗ್ರೂ ತಂಡ ವೀರ್ ಸ್ಟ್ರೀಟ್‌ನ ರಂಗಮಂದಿರದಲ್ಲಿ 'ಒಥೆಲೋ' ಆಡಿತು. ಟೆನಿಸ್ ಅಂಗಳವನ್ನೇ ಮಾರ್ಪಡಿಸಿ ಮಾಡಿದ ರಂಗಮಂದಿರ ಅದು. ಅಂದು ಡೆಸ್ಡಿಮೋನಾ ಪಾತ್ರದಲ್ಲಿ ಹೆಂಗಸು ನಟಿಸಿದಳು. ಇಂಗ್ಲೆಂಡಿನ ವೃತ್ತಿರಂಗಭೂಮಿಯ ಮೊದಲ ನಟಿ ಎಂದು ಸಾಮಾನ್ಯವಾಗಿ ಗುರುತಿಸುವುದು ಆಕೆಯನ್ನೇ. ನಾಟಕಕ್ಕೆ ಮುನ್ನ ಇದನ್ನು ಪ್ರಕಟಿಸಲೆಂದೇ ಕವಿ ಥಾಮಸ್ ಜೋರ್ಡನ್ ಮುನ್ನುಡಿ ಪದ್ಯ ಬರೆದಿದ್ದ. ಮುನ್ನುಡಿ ಬರೆದವನ ಹೆಸರು ಉಳಿಯಿತು, ನಟಿಯ ಹೆಸರನ್ನು ಯಾರೂ ಬರೆದಿಡಲಿಲ್ಲ. ಮಾರ್ಗರೆಟ್ ಹ್ಯೂಸ್ ಇರಬೇಕು ಎನ್ನುವವರು ಒಂದು ಕಡೆ, ಆನ್ ಮಾರ್ಷಲ್ ಎನ್ನುವವರು ಇನ್ನೊಂದು ಕಡೆ. ಸಿನಿಮಾ ಮೊದಲ ಹೆಸರನ್ನು ಆರಿಸಿಕೊಂಡಿದೆ.

ಸ್ತ್ರೀಪಾತ್ರಗಳನ್ನು ಸ್ತ್ರೀಯರೇ ಮಾಡಬೇಕು ಎಂಬ ಮಾತು ಅಧಿಕೃತವಾಗಿ ಬಂದದ್ದು 1662ರ ಏಪ್ರಿಲ್‌ನಲ್ಲಿ, ಕಿಲ್ಲಿಗ್ರೂಗೆ ಕೊಟ್ಟ ರಾಜಪತ್ರದಲ್ಲಿ. ಗಂಡಸರು ಹೆಣ್ಣಿನ ಉಡುಪು ತೊಡುವುದು ಕೆಲವರಿಗೆ ಹೇಸಿಗೆ ತಂದಿದೆ, ನಟಿಯರು ಬಂದರೆ ನಾಟಕದ ನೀತಿ ಸುಧಾರಿಸುತ್ತದೆ ಎಂಬುದು ಅದರಲ್ಲಿ ಕೊಟ್ಟ ಕಾರಣ. ಆ ಕಾಲದ ಲಂಡನ್ ಅರಮನೆಯ ನಡವಳಿಕೆ ಬಲ್ಲವರಿಗೆ ಇದನ್ನು ಓದಿ ನಗು ಬಂದರೆ ತಪ್ಪಿಲ್ಲ.

ಸಿನಿಮಾ ಎಲ್ಲಿ ಜಾರಿದೆ?

ಜಾರಿದೆ ಎನ್ನುವುದಕ್ಕಿಂತ, ತಿಳಿದೇ ತಿರುಚಿದೆ. ನೆಲ್ ಗ್ವಿನ್ ನಟಿಯಾದದ್ದು 1660ರ ದಶಕದ ನಡುವಿನಲ್ಲಿ, ದೊರೆಯ ಪ್ರೇಯಸಿಯಾದದ್ದು ಅದೇ ದಶಕದ ಕೊನೆಯಲ್ಲಿ. 1660-62ರಲ್ಲಿ ಅವಳಿಗೆ ಹತ್ತು ಹನ್ನೆರಡರ ವಯಸ್ಸು. ಹಾಗಾಗಿ ಆ ಕಾನೂನಿಗೆ ಅವಳು ಕಾರಣಳಾಗಲು ಸಾಧ್ಯವೇ ಇಲ್ಲ. ಬಕಿಂಗ್‌ಹ್ಯಾಮ್ ಡ್ಯೂಕ್ 1657ರಲ್ಲೇ ಮೇರಿ ಫೇರ್‌ಫ್ಯಾಕ್ಸ್‌ಳನ್ನು ಮದುವೆಯಾಗಿದ್ದ. ಸೆಡ್ಲಿ ತೆರೆಯ ಮೇಲೆ ದಪ್ಪ ಮೈಯ ವಯಸ್ಸಾದ ಲಂಪಟ. ನಿಜದಲ್ಲಿ ಹುಟ್ಟಿದ್ದು 1639ರಲ್ಲಿ, ಕಿನಾಸ್ಟನ್‌ನ ಓರಗೆಯವನು, ಚುರುಕು ನಾಲಿಗೆಯ ಕವಿ. ಬೆಟರ್ಟನ್ 1660ರಲ್ಲಿ ಕಿನಾಸ್ಟನ್ ಜೊತೆಗಿದ್ದರೂ ಬೇಗನೆ ಡಾವೆನಂಟ್ ತಂಡಕ್ಕೆ ಹೋದ, ಕಿನಾಸ್ಟನ್ ಕಿಲ್ಲಿಗ್ರೂ ತಂಡದಲ್ಲಿ ಉಳಿದ.

ಇವೆಲ್ಲ ಸಣ್ಣಪುಟ್ಟವು. ದೊಡ್ಡ ಸುಳ್ಳು ಬೇರೆ ಎರಡಿವೆ. ಒಂದು, ಆ ಕೊನೆಯ ದೃಶ್ಯದ ಸಹಜ ನಟನೆ. ಪಾತ್ರದ ಒಳಗೆ ಇಳಿದು, ಭಂಗಿ ಬಿಟ್ಟು, ನಿಜದ ಭಯವನ್ನು ಹುಡುಕುವ ಈ ವಿಧಾನ ರಷ್ಯಾದ ಸ್ಟಾನಿಸ್ಲಾವ್‌ಸ್ಕಿ ಮೂಲಕ ಜಗತ್ತಿಗೆ ಬಂದದ್ದು ಇನ್ನೂ ಎರಡು ಶತಮಾನಕ್ಕೂ ಹೆಚ್ಚು ಕಾಲದ ನಂತರ. ಕಿನಾಸ್ಟನ್ ಕಾಲದ ಗಂಡು ಪಾತ್ರಗಳೂ ಭಂಗಿ, ಏರುದನಿ, ಲಯಬದ್ಧ ಮಾತಿನಲ್ಲೇ ನಡೆಯುತ್ತಿದ್ದವು. ಒಂದು ಮಧ್ಯಾಹ್ನದ ಅಭ್ಯಾಸದಲ್ಲಿ ಇಬ್ಬರು ಸೇರಿ ಆಧುನಿಕ ನಟನೆಯನ್ನು ಕಂಡುಹಿಡಿದರು ಎಂದು ಸಿನಿಮಾ ಹೇಳಿದಂತಾಗಿದೆ. ಕಥೆಗೆ ಅದು ಬೇಕಿತ್ತು, ಅಷ್ಟೇ.

ಇನ್ನೊಂದು, ಕಿನಾಸ್ಟನ್ ಬೀದಿಗೆ ಬಿದ್ದ ಎಂಬುದು. ಅವನು ಬೀಳಲಿಲ್ಲ. ಸುಮಾರು 20ರ ವಯಸ್ಸಿನಲ್ಲಿ ಸ್ತ್ರೀಪಾತ್ರ ಬಿಟ್ಟು ಗಂಡು ಪಾತ್ರಗಳಿಗೆ ಹೊರಳಿದ, ಮುಂದೆ ದಶಕಗಳ ಕಾಲ ಹೆಸರಾಂತ ನಟನಾಗಿಯೇ ಬಾಳಿದ. ತೆರೆಯ ಮೇಲಿನ ಕ್ರುಡಪ್‌ಗೆ ಆಗ 30 ದಾಟಿ ಕೆಲವು ವರ್ಷಗಳಾಗಿದ್ದವು, ಹಾಗಾಗಿ ಪಾತ್ರದ ಸಂಕಟ ಇನ್ನಷ್ಟು ಭಾರವಾಗಿ ಕಾಣುತ್ತದೆ. ಇಪ್ಪತ್ತರ ಹುಡುಗ ಇನ್ನೊಂದು ಕೆಲಸ ಕಲಿಯಬಲ್ಲ. ಮೂವತ್ತೈದರವನಿಗೆ ಅದು ಬೇರೆಯೇ ಮಾತು.

ಆದರೂ ಬಡಿಸಿಕೊಂಡದ್ದು ನಿಜ. 1669ರ ಆರಂಭದಲ್ಲಿ ವೇದಿಕೆಯ ಮೇಲೆ ಸೆಡ್ಲಿಯನ್ನು ಅಣಕಿಸಿದ ತಪ್ಪಿಗೆ ಬಾಡಿಗೆ ಗೂಂಡಾಗಳಿಂದ ಕಿನಾಸ್ಟನ್ ಏಟು ತಿಂದು ಹಾಸಿಗೆ ಹಿಡಿದಿದ್ದನ್ನು ಪೀಪ್ಸ್ ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ಚಿತ್ರದಲ್ಲಿ ಇಬ್ಬರು ಶ್ರೀಮಂತ ಹೆಂಗಸರು ನಾಟಕದ ವೇಷದಲ್ಲೇ ಅವನನ್ನು ಸಾರೋಟಿನಲ್ಲಿ ಕೂರಿಸಿಕೊಂಡು ಸುತ್ತುವ ಪ್ರಸಂಗವೂ ಕಟ್ಟುಕಥೆಯಲ್ಲ. ಹಾಗೆ ಹೈಡ್ ಪಾರ್ಕಿಗೆ ಕರೆದೊಯ್ಯುವುದೇ ಹೆಂಗಸರಿಗೆ ಹೆಮ್ಮೆಯ ಸಂಗತಿಯಾಗಿತ್ತು ಎಂದು ನಟ ಕಾಲಿ ಸಿಬ್ಬರ್ 1740ರ ತನ್ನ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. ಒಮ್ಮೆ ದೊರೆ ಬಂದು ಕುಳಿತರೂ ನಾಟಕ ಶುರುವಾಗಲಿಲ್ಲವಂತೆ. ಕಾರಣ ಕೇಳಿದರೆ, ರಾಣಿಯ ಗಡ್ಡ ಬೋಳಿಸುವುದು ಇನ್ನೂ ಮುಗಿದಿಲ್ಲ ಎಂಬ ಉತ್ತರ ಬಂತಂತೆ. ಆ ಜನಪ್ರಿಯ ಕಥೆಯ ಮೂಲವೂ ಸಿಬ್ಬರ್‌ನೇ.

ನಟಿಯರಿಗೆ ಸಿಕ್ಕಿದ್ದೇನು?

ಸಿನಿಮಾ ಮರಿಯಾಳ ಗೆಲುವನ್ನು ಬರೀ ಗೆಲುವಾಗಿ ತೋರಿಸಿಲ್ಲ, ಅದಕ್ಕೆ ಮೆಚ್ಚುಗೆ ಸಲ್ಲಬೇಕು. ಚಿತ್ರಕಾರ ಪೀಟರ್ ಲೀಲಿಯ ಮುಂದೆ ಅವಳು ಕೂರುವ ಹೊತ್ತಿಗೆ, ಜನ ನೋಡಬಯಸುವುದು ನಟನೆಯನ್ನೋ ಮೈಯನ್ನೋ ಎಂಬ ಅನುಮಾನ ಅವಳಿಗೂ ಹುಟ್ಟಿದೆ.

ಇತಿಹಾಸವೂ ಇದನ್ನೇ ಹೇಳುತ್ತದೆ. ನಟಿಯರು ಬಂದ ಕೂಡಲೇ ನಾಟಕಕಾರರು ಅವರಿಗೆ ಗಂಡುಡುಪು ತೊಡಿಸುವ ಪಾತ್ರಗಳನ್ನು ಸಾಲುಸಾಲಾಗಿ ಬರೆದರು. ಬಿಗಿಯಾದ ಚಲ್ಲಣದಲ್ಲಿ ಕಾಲು ಕಾಣುತ್ತದೆ ಎಂಬುದೇ ಮುಖ್ಯ ಆಕರ್ಷಣೆ. ಡ್ರೈಡನ್‌ನ 'ಸೀಕ್ರೆಟ್ ಲವ್' ನಾಟಕದಲ್ಲಿ ನೆಲ್ ಗ್ವಿನ್ ಹುಡುಗನಂತೆ ಬಂದದ್ದನ್ನು 1667ರಲ್ಲಿ ನೋಡಿದ ಪೀಪ್ಸ್ ಹೊಗಳಿ ಹೊಗಳಿ ಬರೆದ. ಗಂಡು ಹೆಣ್ಣಾಗುವುದು ನಿಂತು, ಹೆಣ್ಣು ಗಂಡಾಗುವುದು ಶುರುವಾಯಿತು. ನೀತಿ ಸುಧಾರಣೆಯ ರಾಜಪತ್ರ ಮೂಲೆ ಸೇರಿತು. ಮಾರ್ಗರೆಟ್ ಹ್ಯೂಸ್ ಮುಂದೆ ದೊರೆಯ ಸೋದರಸಂಬಂಧಿ ಪ್ರಿನ್ಸ್ ರೂಪರ್ಟ್‌ನ ಪ್ರೇಯಸಿಯಾಗಿ, ಅವನ ಮಗಳ ತಾಯಿಯಾದಳು. ಆದರೂ ಬಾಗಿಲು ತೆರೆದದ್ದು ತೆರೆದದ್ದೇ. 1670ರಲ್ಲಿ ಆಫ್ರಾ ಬೆನ್ ಎಂಬಾಕೆಯ ಮೊದಲ ನಾಟಕ ಲಂಡನ್ನಿನ ರಂಗ ಏರಿತು. ಬರೆದು ಬದುಕಿದ ಇಂಗ್ಲೆಂಡಿನ ಮೊದಲ ಮಹಿಳೆಯರಲ್ಲಿ ಆಕೆ ಪ್ರಮುಖಳು.

ಪುಣೆ, ಮುಂಬೈ ಕನ್ನಡಿಗರಿಗೆ ನೆನಪಾಗುವ ಹೆಸರು

ಈ ಚಿತ್ರ ನೋಡುವಾಗ ಪುಣೆ, ಮುಂಬೈಯ ಪ್ರೇಕ್ಷಕರಿಗೆ ಬಾಲಗಂಧರ್ವ ನೆನಪಾಗದಿರುವುದು ಕಷ್ಟ. ನಾರಾಯಣ ಶ್ರೀಪಾದ ರಾಜಹಂಸ ಎಂಬ ಈ ನಟ (1888-1967) ಮರಾಠಿ ಸಂಗೀತ ನಾಟಕಗಳಲ್ಲಿ ನಾಯಕಿಯಾಗಿ ಮೆರೆದವರು. ಅವರು ಸೀರೆ ಉಡುವ, ಹೂ ಮುಡಿಯುವ ಬಗೆಯನ್ನು ಮನೆಯ ಹೆಂಗಸರೇ ಅನುಕರಿಸುತ್ತಿದ್ದರು. ಅವರ ಬದುಕಿನ ಉತ್ತರಾರ್ಧದಲ್ಲಿ ಬಂದವರು ಕನ್ನಡದ ಹೆಣ್ಣು: ಬೀಳಗಿ ಮೂಲದ ಗೋಹರಬಾಯಿ ಕರ್ನಾಟಕಿ, ಹಿಂದಿ ಸಿನಿಮಾ ಗಾಯಕಿ ಅಮೀರಬಾಯಿ ಕರ್ನಾಟಕಿಯ ಸಹೋದರಿ. ಬಾಲಗಂಧರ್ವರ ಹಾಡುಗಾರಿಕೆಯನ್ನೇ ಮೈಗೂಡಿಸಿಕೊಂಡಿದ್ದ ಆಕೆ ಅವರ ಕಂಪನಿ ಸೇರಿ ರಂಗ ಏರಿದರು, ಬಾಳಸಂಗಾತಿಯೂ ಆದರು. ಕಿನಾಸ್ಟನ್-ಮರಿಯಾ ಪ್ರೇಮ ಕಲ್ಪನೆಯದು. ಇದು ನಡೆದದ್ದು, ಮತ್ತು ಇದರ ಸುತ್ತ ಎದ್ದ ಮಾತುಗಳು ಸಿನಿಮಾದಷ್ಟು ಸುಲಭವಾಗಿ ಸುಖಾಂತ್ಯ ಕಾಣಲಿಲ್ಲ. ಮರಾಠಿಯಲ್ಲಿ 'ಬಾಲಗಂಧರ್ವ' ಚಿತ್ರ 2011ರಲ್ಲಿ ಬಂತು. ಅದಕ್ಕೂ ಮುಂಚೆ 2010ರಲ್ಲಿ ಅದೇ ನಿರ್ದೇಶಕ ರವಿ ಜಾಧವ್ 'ನಟರಂಗ' ಮಾಡಿದ್ದರು. ಕುಸ್ತಿಯಾಳು ತಮಾಷಾ ಮೇಳದಲ್ಲಿ ಹೆಣ್ಣಿಗನ ಪಾತ್ರಕ್ಕೆ ಇಳಿಯುವ ಆ ಚಿತ್ರದ ನಾಯಕ ಅತುಲ್ ಕುಲಕರ್ಣಿ ಹುಟ್ಟಿದ್ದು ಬೆಳಗಾವಿಯಲ್ಲಿ. 'ಸ್ಟೇಜ್ ಬ್ಯೂಟಿ' ಇಷ್ಟಪಟ್ಟವರು ಆ ಎರಡನ್ನೂ ನೋಡಬೇಕು.

'ಒಥೆಲೋ' ಕೂಡ ಕನ್ನಡಕ್ಕೆ ಹೊಸದಲ್ಲ. 19ನೇ ಶತಮಾನದ ಕೊನೆಯ ಭಾಗದಲ್ಲೇ ಮೈಸೂರಿನ ಬಸವಪ್ಪ ಶಾಸ್ತ್ರಿಗಳು ಅದನ್ನು 'ಶೂರಸೇನ ಚರಿತ್ರೆ'ಯಾಗಿ ತಂದಿದ್ದರು. ಕರಾವಳಿಯ ಯಕ್ಷಗಾನದಲ್ಲಂತೂ ಸ್ತ್ರೀವೇಷ ಇವತ್ತಿಗೂ ಗಂಡಸರು ಗೌರವದಿಂದ ನಿರ್ವಹಿಸುವ ವಿದ್ಯೆ. ಜೊತೆಗೆ ಮಹಿಳೆಯರ ಮೇಳಗಳೂ ಇವೆ. ಲಂಡನ್ನಿನಲ್ಲಾದಂತೆ ಒಬ್ಬರು ಬರಲು ಇನ್ನೊಬ್ಬರು ಹೊರಡಲೇಬೇಕು ಎಂದು ಇಲ್ಲಿ ಯಾವ ದೊರೆಯೂ ಬರೆದುಕೊಡಲಿಲ್ಲ.

ಪ್ರೇಮಕಥೆಯಾಗಿ ಎಷ್ಟು ಅಂಕ?

'ಶೇಕ್ಸ್‌ಪಿಯರ್ ಇನ್ ಲವ್' (1998) ಜೊತೆ ಹೋಲಿಕೆ ತಪ್ಪಿದ್ದಲ್ಲ. ಅಲ್ಲಿ ನಾಟಕದ ಹುಚ್ಚಿನ ಹುಡುಗಿ ಗಂಡುವೇಷ ಹಾಕಿ ರಂಗಕ್ಕೆ ಬರುತ್ತಾಳೆ. ಏಳು ಆಸ್ಕರ್ ಗೆದ್ದ ಆ ಚಿತ್ರದ ಲವಲವಿಕೆ ಇದಕ್ಕಿಲ್ಲ, ಬಾಚಿಕೊಂಡ ಪ್ರಶಸ್ತಿಗಳೂ ಇಲ್ಲ. ಆದರೆ ಕಲಾವಿದನ ಒಳಗಿನ ಗಾಯವನ್ನು ಇದು ಹೆಚ್ಚು ಹತ್ತಿರದಿಂದ ನೋಡಿದೆ.

ಕೊರತೆಯೂ ಇದೆ. ಬಕಿಂಗ್‌ಹ್ಯಾಮ್ ಜೊತೆಗಿನ ಸಂಬಂಧವನ್ನು ಅಷ್ಟು ಗಂಭೀರವಾಗಿ ಕಟ್ಟಿ, ಡ್ಯೂಕ್ ಹೊರಟ ಮೇಲೆ ಅದರ ಮಾತೇ ಎತ್ತದೆ ಮರಿಯಾಳ ತೋಳಿಗೆ ಕಿನಾಸ್ಟನ್‌ನನ್ನು ತಲುಪಿಸುವುದು ಅವಸರದ ಕೆಲಸ. ಗಂಡು ಪಾತ್ರ ಕಲಿತದ್ದಕ್ಕೂ ಹೆಣ್ಣನ್ನು ಪ್ರೀತಿಸಿದ್ದಕ್ಕೂ ಗಂಟು ಹಾಕಿದಂತೆ ಕಾಣುತ್ತದೆ; ಅದನ್ನು ಒಪ್ಪದವರು ಬಿಡುಗಡೆಯ ಕಾಲದಲ್ಲೂ ಇದ್ದರು, ಈಗ ಇನ್ನೂ ಹೆಚ್ಚು ಇದ್ದಾರು. ಕೊನೆಯಲ್ಲಿ ಬರುವ 'ಗೊತ್ತಿಲ್ಲ' ಎಂಬ ಉತ್ತರ ಈ ದೋಷವನ್ನು ತಕ್ಕಮಟ್ಟಿಗೆ ತೂಗಿಸುತ್ತದೆ. ಸೆಡ್ಲಿಯ ಹಾಸ್ಯ ಕೆಲವು ಕಡೆ ತೀರಾ ಹಸಿ. ಚುಡಾಯಿಸುವ, ಮೈಮುಟ್ಟುವ ಮಾತು-ದೃಶ್ಯಗಳಿರುವುದರಿಂದ ಮಕ್ಕಳೊಂದಿಗೆ ಕೂತು ನೋಡುವ ಚಿತ್ರವಲ್ಲ.

ನಿಜವಾದ ಕಿನಾಸ್ಟನ್

ಪೀಪ್ಸ್ ಅವನನ್ನು ಮೊದಲು ಮೆಚ್ಚಿ ಬರೆದದ್ದು 1660ರ ಆಗಸ್ಟ್ 18ರಂದು. ಆ ದಿನ ನೋಡಿದ ನಾಟಕ 'ದಿ ಲಾಯಲ್ ಸಬ್ಜೆಕ್ಟ್'. ಜನ್ಮದಲ್ಲಿ ಇಷ್ಟು ಚೆಲುವಾದ ಹೆಂಗಸನ್ನು ಕಂಡಿಲ್ಲ, ದನಿ ಮಾತ್ರ ಅಷ್ಟು ಚೆನ್ನಾಗಿಲ್ಲ ಎಂಬುದು ಅವನ ಷರಾ. ನಾಟಕ ಮುಗಿದ ಮೇಲೆ ಕಿನಾಸ್ಟನ್ ಜೊತೆ ಕೂತು ಕುಡಿದದ್ದನ್ನೂ ಬರೆದಿದ್ದಾನೆ. ಮುಂದಿನ ಜನವರಿಯಲ್ಲಿ ಬೆನ್ ಜಾನ್ಸನ್‌ನ ನಾಟಕವೊಂದರಲ್ಲಿ ಅದೇ ಹುಡುಗ ಹೆಣ್ಣಾಗಿಯೂ ಗಂಡಾಗಿಯೂ ಬಂದ. ಇಡೀ ಸಭೆಯಲ್ಲಿ ಅವನಷ್ಟು ಚಂದದ ಹೆಂಗಸೂ ಇರಲಿಲ್ಲ, ಗಂಡಸೂ ಇರಲಿಲ್ಲ ಎಂದು ಪೀಪ್ಸ್ ಬೆರಗಾದ. ಅಂದರೆ ಸಿನಿಮಾದ ಕಿನಾಸ್ಟನ್‌ಗೆ ಆಗದೇ ಹೋದದ್ದನ್ನು ಅಸಲಿ ಕಿನಾಸ್ಟನ್ ಒಂದೇ ಮಧ್ಯಾಹ್ನ ಮಾಡಿ ತೋರಿಸಿದ್ದ.

1682ರಲ್ಲಿ ಲಂಡನ್ನಿನ ಎರಡೂ ತಂಡಗಳು ಒಂದಾದಾಗ ಅವನೂ ಅದರಲ್ಲಿದ್ದ. 1695ರಲ್ಲಿ ಬೆಟರ್ಟನ್ ಹಿರಿಯ ನಟರನ್ನು ಕಟ್ಟಿಕೊಂಡು ಹೊಸ ತಂಡ ಮಾಡಿದಾಗ ಅವನ ಬೆನ್ನಿಗೆ ನಿಂತ. ನಾಲ್ಕನೇ ಹೆನ್ರಿ ದೊರೆಯ ಪಾತ್ರದಲ್ಲಿ ಅವನ ಗಾಂಭೀರ್ಯವನ್ನು ಸಿಬ್ಬರ್ ಕಣ್ಣಾರೆ ಕಂಡಿದ್ದ. 60 ದಾಟಿದರೂ ಕಿನಾಸ್ಟನ್‌ನ ಹಲ್ಲುಗಳು ಇಪ್ಪತ್ತರ ಸುಂದರಿಯ ಹಲ್ಲುಗಳಂತೆ ಬೆಳ್ಳಗೆ, ಸಾಲಾಗಿದ್ದವಂತೆ. ಅವನ ನಿಲುವಿನಲ್ಲಿ ಒಂದು ಬಗೆಯ ಬಿಗಿ, ಒಂದು ಬಗೆಯ ಘನತೆ ಕೊನೆಯವರೆಗೂ ಉಳಿದಿತ್ತು. ಚಿಕ್ಕಂದಿನಲ್ಲಿ ಹೆಂಗಸಿನ ಉಡುಪಿನೊಳಗೆ ಅಳೆದು ಅಳೆದು ಹೆಜ್ಜೆ ಇಟ್ಟ ಅಭ್ಯಾಸ ಅದಕ್ಕೆ ಕಾರಣ ಎಂದು ರಂಗದ ಜನ ಹೇಳುತ್ತಿದ್ದುದನ್ನು ಸಿಬ್ಬರ್ ಬರೆದಿಟ್ಟಿದ್ದಾನೆ.